ಮಿದುಳು ಮತ್ತು ಭಾಷೆ: ಸಂಶೋಧನೆಯ ಚರಿತ್ರೆ

ಕೇಳಿದ ಮಾತಿನ ಅರ್ಥ ಹಿಡಿಯುವುದು, ಹೇಳಬೇಕಾದ್ದಕ್ಕೆ ಪದ ಹುಡುಕಿ ವಾಕ್ಯ ಕಟ್ಟುವುದು, ಓದುವುದು, ಬರೆಯುವುದು ಇವೆಲ್ಲ ಮಿದುಳಿನಲ್ಲಿ ಹೇಗೆ ನಡೆಯುತ್ತವೆ ಎಂಬ ವಿಚಾರಣೆಗೆ ಸುಮಾರು 200 ವರ್ಷಗಳ ಚರಿತ್ರೆಯಿದೆ. ಇದರ ಬಹುಪಾಲನ್ನು ಕಲಿಸಿಕೊಟ್ಟವರು ಮಾತು ಕಳೆದುಕೊಂಡ ರೋಗಿಗಳು. ಲಕ್ವ, ಗಡ್ಡೆ, ತಲೆಗೆ ಬಿದ್ದ ಪೆಟ್ಟು ಇಂಥ ಕಾರಣಗಳಿಂದ ಮಿದುಳಿಗೆ ಹಾನಿಯಾಗಿ ಭಾಷಾಶಕ್ತಿ ಕುಂದುವುದನ್ನು ಅಫೇಸಿಯ ಎನ್ನುತ್ತಾರೆ. ನಾಲಿಗೆ, ಗಂಟಲು ಸರಿಯಿದ್ದರೂ ಮಾತು ಹೊರಡದಿರಬಹುದು. ಸರಾಗವಾಗಿ ಹೊರಟರೂ ಅದಕ್ಕೆ ಅರ್ಥವಿಲ್ಲದಿರಬಹುದು.

ಕಣತಲೆಗೆ ಗಾಯವಾಗಿ ಮಾತು ನಿಂತವನ ಉಲ್ಲೇಖ ಪ್ರಾಚೀನ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್‌ನಲ್ಲೇ ಸಿಗುತ್ತದೆ. ಆದರೆ ಮಿದುಳಿನಲ್ಲಿ ಮಾತಿಗೊಂದು ಗೊತ್ತಾದ ಜಾಗವಿದೆಯೇ ಎಂಬ ವಾದ ಕಾವೇರಿದ್ದು 19ನೆಯ ಶತಮಾನದ ಆರಂಭದಲ್ಲಿ. ತಲೆಬುರುಡೆಯ ಉಬ್ಬುತಗ್ಗು ತಡವಿ ಮನುಷ್ಯನ ಗುಣ ಹೇಳುತ್ತಿದ್ದ ಫ್ರಾನ್ಸ್ ಯೋಸೆಫ್ ಗಾಲ್ ಮಾತಿನ ಜಾಗವನ್ನು ಕಣ್ಣುಗಳ ಹಿಂದೆ ಗುರುತಿಸಿದ್ದ. ಅವನ ಶಾಸ್ತ್ರ ಹುಸಿಯೆಂದು ಮುಂದೆ ಬಯಲಾಯಿತು. ಆದರೂ ಬೇರೆ ಬೇರೆ ಶಕ್ತಿಗಳಿಗೆ ಬೇರೆ ಬೇರೆ ನೆಲೆಗಳಿರಬಹುದೆಂಬ ಅವನ ಊಹೆಯನ್ನು ಪ್ಯಾರಿಸ್ಸಿನ ವೈದ್ಯರು ಕೈಬಿಡಲಿಲ್ಲ. ಮಿದುಳಿನ ಮುಂದಿನ ಹಾಲೆಗಳಲ್ಲೇ ಮಾತು ಇದೆಯೆಂದು 1825ರಲ್ಲಿ ವಾದಿಸಿದ ಬುಯೋ ಎಂಬ ವೈದ್ಯ, ತಪ್ಪೆಂದು ತೋರಿಸಿದವರಿಗೆ 500 ಫ್ರಾಂಕ್ ಕೊಡುವುದಾಗಿ ಆಮೇಲೆ ಪಂಥವನ್ನೇ ಕಟ್ಟಿದ.

ಈ ವಾದಕ್ಕೆ ತಿರುವು ಕೊಟ್ಟವನು ಲೆಬೋರ್ನ್ ಎಂಬ ರೋಗಿ. ಚಿಕ್ಕಂದಿನಿಂದ ಮೂರ್ಛೆರೋಗವಿದ್ದ ಈತ ಸುಮಾರು 30ನೆಯ ವಯಸ್ಸಿನಲ್ಲಿ ಮಾತು ಕಳೆದುಕೊಂಡು ಪ್ಯಾರಿಸ್ ಸಮೀಪದ ಬಿಸೆತ್ರ್ ಆಸ್ಪತ್ರೆ ಸೇರಿದ್ದ. ಏನು ಕೇಳಿದರೂ ‘ತಾನ್ ತಾನ್’ ಎಂದೇ ಉತ್ತರ. ಆಸ್ಪತ್ರೆಯವರು ಅದನ್ನೇ ಅವನ ಹೆಸರು ಮಾಡಿಕೊಂಡಿದ್ದರು. ಹಾಗೆಂದು ಅವನ ತಿಳಿವಳಿಕೆಗೆ ಕೊರತೆಯಿರಲಿಲ್ಲ. ಎಷ್ಟು ವರ್ಷದಿಂದ ಇಲ್ಲಿದ್ದೀಯ ಎಂದರೆ ಬೆರಳೆಣಿಸಿ ತೋರಿಸುತ್ತಿದ್ದ. ತನ್ನ ಸನ್ನೆ ಎದುರಿನವರಿಗೆ ಅರ್ಥವಾಗದಿದ್ದರೆ ರೇಗಿ ಬೈಗುಳವೊಂದನ್ನು ಸ್ಪಷ್ಟವಾಗಿಯೇ ಉಚ್ಚರಿಸುತ್ತಿದ್ದ. ವೈದ್ಯಚರಿತ್ರೆ ಈ ಬೈಗುಳದ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಬೇಕೆಂದು ಆಡುವ ಮಾತಿಗೂ ಸಿಟ್ಟಿನಲ್ಲಿ ತಾನಾಗಿ ಉಕ್ಕುವ ಮಾತಿಗೂ ಮಿದುಳಿನ ದಾರಿ ಒಂದೇ ಅಲ್ಲ ಎಂಬುದರ ಸುಳಿವು ಅದರಲ್ಲಿತ್ತು. ಇಂಗ್ಲೆಂಡಿನ ಹ್ಯೂಲಿಂಗ್ಸ್ ಜಾಕ್ಸನ್ ಮುಂದೆ ಇದನ್ನೇ ಬೆಳೆಸಿದ.

1861ರ ಏಪ್ರಿಲ್‌ನಲ್ಲಿ, ಕಾಲು ಕೊಳೆತು ಸಾಯುವ ಸ್ಥಿತಿಯಲ್ಲಿದ್ದ ಲೆಬೋರ್ನ್ ಶಸ್ತ್ರಚಿಕಿತ್ಸಕ ಪಾಲ್ ಬ್ರೋಕಾನ ಬಳಿಗೆ ಬಂದ. 17ರಂದು ತೀರಿಕೊಂಡ. ಮರುದಿನವೇ ಬ್ರೋಕಾ ಆ ಮಿದುಳನ್ನು ಪ್ಯಾರಿಸ್ಸಿನ ಮಾನವಶಾಸ್ತ್ರ ಸಂಘದ ಮುಂದಿಟ್ಟ. ಎಡಭಾಗದ ಮುಂದಿನ ಹಾಲೆಯಲ್ಲಿ ಗಾಯ ಎದ್ದು ಕಾಣುತ್ತಿತ್ತು. ಕೆಲವೇ ತಿಂಗಳಲ್ಲಿ ಎರಡನೆಯ ರೋಗಿ ಸಿಕ್ಕ: 84 ವರ್ಷದ ಲೆಲೋಂಗ್, ಐದೇ ಪದ ಉಳಿದಿದ್ದ ಮುದುಕ. ಅವನ ಮಿದುಳಿನಲ್ಲೂ ಹೆಚ್ಚುಕಡಿಮೆ ಅದೇ ಜಾಗ ಕೆಟ್ಟಿತ್ತು. ಇನ್ನಷ್ಟು ರೋಗಿಗಳನ್ನು ನೋಡಿ, ನಾವು ಮಾತಾಡುವುದು ಎಡ ಅರ್ಧಗೋಳದಿಂದ ಎಂದು ಬ್ರೋಕಾ 1865ರಲ್ಲಿ ಬರೆದ. ಇದನ್ನು ಮಾರ್ಕ್ ಡಾಕ್ಸ್ ಎಂಬ ಹಳ್ಳಿಗಾಡಿನ ವೈದ್ಯ 1836ರಲ್ಲೇ ಬರೆದಿಟ್ಟಿದ್ದನೆಂದು ಅವನ ಮಗ 1865ರಲ್ಲೇ ಆ ಲೇಖನವನ್ನು ಅಚ್ಚು ಹಾಕಿಸಿದ. ಕೀರ್ತಿ ಮಾತ್ರ ರಾಜಧಾನಿಯ ವೈದ್ಯನಿಗೇ ಹೋಯಿತು.

1874ರಲ್ಲಿ 26 ವರ್ಷದ ಜರ್ಮನ್ ವೈದ್ಯ ಕಾರ್ಲ್ ವೆರ್ನಿಕೆ ಇನ್ನೊಂದು ಬಗೆಯ ರೋಗಿಗಳನ್ನು ವಿವರಿಸಿದ. ಇವರು ತಡೆಯಿಲ್ಲದೆ ಮಾತಾಡುತ್ತಾರೆ, ಹೇಳಿದ್ದರ ತಲೆಬುಡ ಸಿಗದು, ಕೇಳಿದ್ದು ಅರ್ಥವಾಗದು. ಹಾನಿಯಿದ್ದದ್ದು ಎಡಗಿವಿಯ ಬಳಿಯ ಹಾಲೆಯ ಹಿಂಭಾಗದಲ್ಲಿ. ಅವನ ನಿಜವಾದ ಹೆಚ್ಚುಗಾರಿಕೆ ಈ ಎರಡನೆಯ ಜಾಗಕ್ಕಿಂತ ಅವೆರಡರ ನಡುವಿನ ಸಂಪರ್ಕವನ್ನು ಊಹಿಸಿದ್ದರಲ್ಲಿದೆ. ಆ ಕೊಂಡಿ ತುಂಡಾದರೆ ಬೇರೆಯದೇ ಬಗೆಯ ಅಫೇಸಿಯ ಬರಬೇಕೆಂದು ಅವನು ಮೊದಲೇ ಹೇಳಿದ್ದ. ಕೇಳಿದ್ದು ತಿಳಿದರೂ ಅದನ್ನು ಹಾಗೇ ತಿರುಗಿ ಹೇಳಲಾಗದ ರೋಗಿಗಳನ್ನು ಇಂದು ಈ ವರ್ಗಕ್ಕೆ ಸೇರಿಸುತ್ತಾರೆ.

ಎಲ್ಲರೂ ಇದನ್ನು ಒಪ್ಪಲಿಲ್ಲ. ಇಂಥ ನಕ್ಷೆಗಳು ಅತಿಸರಳವೆಂದು 1891ರಲ್ಲಿ ಟೀಕಿಸಿದವನು, ಇನ್ನೂ ಮನೋವಿಶ್ಲೇಷಣೆಯ ಕಡೆ ಹೊರಳದಿದ್ದ ಸಿಗ್ಮಂಡ್ ಫ್ರಾಯ್ಡ್. ಬ್ರೋಕಾ ಹೇಳಿದ ಜಾಗಕ್ಕೆ ಭಾಷೆಯಲ್ಲಿ ವಿಶೇಷ ಪಾತ್ರವೇ ಇಲ್ಲವೆಂದು 1906ರಲ್ಲಿ ಪಿಯರ್ ಮರಿ ಸಾರಿದ. ಜಾಗಗಳ ಜತೆಗೆ ಅವುಗಳ ಕೊಂಡಿಗಳೂ ಮುಖ್ಯವೆಂಬ ವೆರ್ನಿಕೆಯ ವಿಚಾರಕ್ಕೆ ಮತ್ತೆ ಜೀವ ಬಂದದ್ದು 1965ರಲ್ಲಿ, ಅಮೆರಿಕದ ನಾರ್ಮನ್ ಗೆಶ್ವಿಂಡ್‌ನ ಬರಹದಿಂದ.

ಅಷ್ಟರಲ್ಲಿ ಬದುಕಿರುವವರ ಮಿದುಳನ್ನೇ ಪರೀಕ್ಷಿಸುವ ದಾರಿಗಳು ತೆರೆದಿದ್ದವು. ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಚ್ಚರವಿದ್ದ ರೋಗಿಗಳ ಮಿದುಳಿಗೆ ನವಿರಾಗಿ ವಿದ್ಯುತ್ ಮುಟ್ಟಿಸಿ, ಎಲ್ಲಿ ಮಾತು ತಡೆಯುತ್ತದೆಂದು ಗುರುತು ಹಾಕಿದ. ಒಂದೊಂದೇ ಅರ್ಧಗೋಳಕ್ಕೆ ಮಂಪರು ಬರಿಸುವ ವಾಡಾ ಪರೀಕ್ಷೆಯಿಂದ, ಬಲಗೈಯವರಲ್ಲಿ ಸುಮಾರು 95 ಪ್ರತಿಶತ, ಎಡಗೈಯವರಲ್ಲಿ ಸುಮಾರು 70 ಪ್ರತಿಶತ ಮಂದಿಗೆ ಮಾತು ಎಡಗಡೆಯಲ್ಲಿದೆಯೆಂದು ಗೊತ್ತಾಯಿತು. ಕಾಲದ ಲೆಕ್ಕ ಸಿಕ್ಕದ್ದು 1980ರಲ್ಲಿ. ರೊಟ್ಟಿಗೆ ಕಾಲುಚೀಲ ಸವರಿದ ಎಂಬಂಥ ಅಸಂಬದ್ಧ ವಾಕ್ಯ ಓದಿಸಿದಾಗ, ಹೊಂದದ ಪದ ಕಂಡ ಸುಮಾರು 400 ಮಿಲಿಸೆಕೆಂಡಿಗೆ ಮಿದುಳಿನ ವಿದ್ಯುತ್ ಅಲೆ ಕದಲುವುದನ್ನು ಮಾರ್ತಾ ಕೂಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ ದಾಖಲಿಸಿದರು. ವಾಕ್ಯ ಮುಗಿಯಲೆಂದು ಮಿದುಳು ಕಾದು ಕೂರುವುದಿಲ್ಲ. ಪದ ಬಂದಂತೆ ಅರ್ಥ ಕೂಡಿಸುತ್ತಲೇ ಇರುತ್ತದೆ. ಕಿವುಡರ ಸನ್ನೆಭಾಷೆಯೂ ಎಡ ಅರ್ಧಗೋಳದ ಹಾನಿಯಿಂದಲೇ ಕೆಡುತ್ತದೆಂದು ಉರ್ಸುಲಾ ಬೆಲ್ಲೂಗಿ ಮತ್ತು ಸಂಗಡಿಗರು ತೋರಿಸಿದ ಮೇಲೆ, ಅಲ್ಲಿರುವುದು ಕೇವಲ ಧ್ವನಿಯ ವ್ಯವಸ್ಥೆ ಎನ್ನುವಂತಿರಲಿಲ್ಲ.

ಲೆಬೋರ್ನ್‌ನ ಮಿದುಳನ್ನು ಬ್ರೋಕಾ ಕೊಯ್ಯದೆ ಕಾಪಾಡಿಟ್ಟಿದ್ದ. 2007ರಲ್ಲಿ ನೀನಾ ಡ್ರಾಂಕರ್ಸ್ ತಂಡ ಅದನ್ನೂ ಲೆಲೋಂಗ್‌ನ ಮಿದುಳನ್ನೂ ಎಂಆರ್‌ಐಗೆ ಒಡ್ಡಿತು. ಇಬ್ಬರಲ್ಲೂ ಗಾಯ ಮೇಲ್ಮೈಯಲ್ಲಿ ನಿಲ್ಲದೆ, ಹಿಂದಿನ ಮುಂದಿನ ಭಾಗಗಳನ್ನು ಜೋಡಿಸುವ ನರತಂತುಗಳವರೆಗೆ ಇಳಿದಿತ್ತು. ಬ್ರೋಕಾ ಕಂಡದ್ದು ಹೊರಗಿನ ಗಾಯವನ್ನಷ್ಟೇ. ಅದೇ ವರ್ಷ ಹಿಕಾಕ್ ಮತ್ತು ಪೋಪೆಲ್ ವಿಸ್ತರಿಸಿ ಮಂಡಿಸಿದ ಮಾದರಿಯ ಪ್ರಕಾರ ಕೇಳಿದ ಧ್ವನಿ ಎರಡು ದಾರಿ ಹಿಡಿಯುತ್ತದೆ: ಒಂದು ಎರಡೂ ಅರ್ಧಗೋಳಗಳಲ್ಲಿ ಅರ್ಥದ ಕಡೆಗೆ, ಇನ್ನೊಂದು ಮುಖ್ಯವಾಗಿ ಎಡಗಡೆ ಉಚ್ಚಾರಣೆಯ ಕಡೆಗೆ.

ಈ ಚರಿತ್ರೆಯ ದೊಡ್ಡ ಕೊರತೆಯೆಂದರೆ ಸಾಕ್ಷ್ಯ ಹೆಚ್ಚಾಗಿ ಯೂರೋಪಿನ ಕೆಲವೇ ಭಾಷೆಗಳದ್ದು. ಅಫೇಸಿಯದಲ್ಲಿ ವ್ಯಾಕರಣ ಪ್ರತ್ಯಯಗಳು ಉದುರುತ್ತವೆ ಎಂಬುದು ಇಂಗ್ಲಿಷ್ ನೋಡಿ ಹೇಳಿದ ಮಾತು. ಪ್ರತ್ಯಯ ಕಳಚಿದರೆ ಪದವೇ ನಿಲ್ಲದ ಹೀಬ್ರೂ, ಇಟಾಲಿಯನ್‌ಗಳಲ್ಲಿ ರೋಗಿಗಳು ಒಂದರ ಬದಲು ಇನ್ನೊಂದನ್ನು ಹಚ್ಚುತ್ತಾರೆ. 1990ರಲ್ಲಿ ಮೆನ್ ಮತ್ತು ಓಬ್ಲರ್ 14 ಭಾಷೆಗಳ ರೋಗಿಗಳ ಮಾತನ್ನು ಒಟ್ಟುಗೂಡಿಸಿದಾಗ ಹಿಂದಿ ಇತ್ತು, ದ್ರಾವಿಡ ಭಾಷೆ ಒಂದೂ ಇರಲಿಲ್ಲ. ಕನ್ನಡದ ಮಟ್ಟಿಗೆ ಕೆಲಸ ನಡೆದದ್ದು ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳ ಸುತ್ತ. ಕನ್ನಡ, ಇಂಗ್ಲಿಷ್ ಎರಡೂ ಬಲ್ಲ ವ್ಯಕ್ತಿಯೊಬ್ಬರು ಓದುವ ಶಕ್ತಿ ಕಳೆದುಕೊಂಡದ್ದನ್ನು ಪ್ರತಿಭಾ ಕಾರಂತ 1981ರಲ್ಲೇ ವರದಿ ಮಾಡಿದ್ದರು.

ಹಲವು ಭಾಷೆಯಾಡುವ ಮಿದುಳಿನ ಬಗ್ಗೆ ಭಾರತದಿಂದ ಬಂದ ಹೆಚ್ಚು ಚರ್ಚಿತ ಅಧ್ಯಯನ ಹೈದರಾಬಾದಿನದು. ಸುವರ್ಣ ಅಲ್ಲಾಡಿ ತಂಡ 2013ರಲ್ಲಿ 648 ಮರೆಗುಳಿ ರೋಗಿಗಳನ್ನು ಹೋಲಿಸಿದಾಗ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಶಾಲೆಗೆ ಹೋಗದವರಲ್ಲೂ ವ್ಯತ್ಯಾಸ ಉಳಿದದ್ದರಿಂದ ಅದನ್ನು ಓದುಬರಹದ ಲೆಕ್ಕಕ್ಕೆ ಹಾಕುವಂತಿರಲಿಲ್ಲ. ಬೇರೆ ದೇಶಗಳ ಕೆಲವು ದೀರ್ಘಾವಧಿ ಅಧ್ಯಯನಗಳಲ್ಲಿ ಇಂಥ ಅಂತರ ಕಂಡಿಲ್ಲ, ವಾದ ಮುಂದುವರಿದಿದೆ.