ಅದೇ ಹೆದ್ದಾರಿಯ ಇನ್ನೊಂದು ತುದಿ

ಊರಿನಿಂದ ಪುಣೆಗೆ ಬಂದಾಗ, ಸಸ್ಪೆನ್ಷನ್ ಎಂದರೆ ಗುಂಡಿ ದಾಟಿಸುವ ಸ್ಪ್ರಿಂಗು ಎಂದಷ್ಟೇ ನನಗೆ ಗೊತ್ತಿತ್ತು. ಅದು ರೇಸನ್ನೂ ಗೆಲ್ಲಿಸುತ್ತದೆ ಎಂದು ತೋರಿಸಿಕೊಟ್ಟಿದ್ದು ಪೋಲೊ ಕಾರು.

ಪುಣೆ ಬಳಿಯ ಚಾಕಣ್‌ನಲ್ಲಿ ಫೋಕ್ಸ್‌ವ್ಯಾಗನ್ ಕಾರ್ಖಾನೆ ತೆರೆದದ್ದು 2009ರಲ್ಲಿ. ಮರುವರ್ಷವೇ ಪೋಲೊ ಕಪ್ ರೇಸು ಶುರುವಾಯಿತು. ಎಲ್ಲರಿಗೂ ಒಂದೇ ಮಾದರಿಯ ಕಾರು. ದುಡ್ಡಿದ್ದವರು ದೊಡ್ಡ ಎಂಜಿನ್ ಹಾಕಿ ಗೆಲ್ಲುವಂತಿರಲಿಲ್ಲ.

ನಮ್ಮ ರಸ್ತೆಯ ಹಂಪುಗಳಿಗೆಂದು ಎತ್ತರವಾಗಿ, ಮೆತ್ತಗೆ ಮಾಡಿದ ಕಾರು ಟ್ರ್ಯಾಕಿನ ತಿರುವಿನಲ್ಲಿ ಹೊರಕ್ಕೆ ವಾಲುತ್ತದೆ. ಪೋಲೊವನ್ನು ಎಳೆಯುವುದು ಮುಂದಿನ ಚಕ್ರಗಳು; ವೇಗ ಹೆಚ್ಚಾದರೆ ಸ್ಟಿಯರಿಂಗ್ ತಿರುಗಿಸಿದರೂ ಮೂತಿ ನೇರಕ್ಕೇ ಹೋಗಲು ನೋಡುತ್ತದೆ. ಅದಕ್ಕೆ ಇಂಥ ಕಾರನ್ನು ತಗ್ಗಿಸಿ, ಸ್ಪ್ರಿಂಗ್ ಬಿಗಿ ಮಾಡಿ, ಮುಂದಿನ ಚಕ್ರಗಳ ಮೇಲ್ಭಾಗವನ್ನು ತುಸು ಒಳಕ್ಕೆ ವಾಲಿಸುತ್ತಾರೆ. ಹಿಂಭಾಗವನ್ನು ಇನ್ನಷ್ಟು ಬಿಗಿ ಮಾಡಿದರೆ ಮೂತಿ ಮಾತು ಕೇಳುತ್ತದೆ. ಅತಿಯಾದರೆ ಬಾಲ ಬೀಸುತ್ತದೆ.

ಇದೆಲ್ಲ ಪರೀಕ್ಷೆಗೆ ಬರುತ್ತಿದ್ದ ಜಾಗಗಳಲ್ಲೊಂದು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್, 1990ರದ್ದು. ಅದಕ್ಕೂ ಮುಂಚೆ ಮದ್ರಾಸಿನವರು ಶೋಳಾವರಂನ ಹಳೆಯ ವಿಮಾನದ ರನ್‌ವೇ ಮೇಲೆ ರೇಸು ಓಡಿಸುತ್ತಿದ್ದರು. ಹಬ್ಬಕ್ಕೆ ನಾವು ಊರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48, ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ದಾಟಿ ಇರುಂಗಾಟ್ಟುಕೋಟೈ ಮೂಲಕವೇ ಚೆನ್ನೈ ಸೇರುತ್ತದೆ.

ಆ ಹುಚ್ಚಿನಲ್ಲಿ ನನ್ನ ಕಾರನ್ನೂ ತಗ್ಗಿಸಿದ್ದೆ. ದೀಪಾವಳಿಗೆ ಅವ್ವನನ್ನು ಕೂರಿಸಿಕೊಂಡು ಹೊರಟರೆ, ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಆಕೆ ಸೊಂಟ ಹಿಡಿದುಕೊಂಡಿದ್ದಳು. ಟ್ರ್ಯಾಕಿನಲ್ಲಿ ಗೆಲ್ಲಿಸುವ ಬಿಗಿಯೇ ಇಲ್ಲಿ ಅವಳ ಸೊಂಟ ಮುರಿದಿತ್ತು. ಪುಣೆಗೆ ಮರಳಿದವನೇ ಹಳೆಯ ಸ್ಪ್ರಿಂಗ್ ಹಾಕಿಸಿದೆ.