ವಿಹಾರ ನೌಕೆಯ ದಿನಚರಿ

ವಿಹಾರ ನೌಕೆಯ ದಿನಚರಿ ಎಂದರೆ ವಾರಗಟ್ಟಲೆ ಅಥವಾ ತಿಂಗಳುಗಟ್ಟಲೆ ಸಾಗರದಲ್ಲಿ ಸಂಚರಿಸುವ ಐಷಾರಾಮಿ ಪ್ರಯಾಣಿಕ ಹಡಗಿನಲ್ಲಿ ಪ್ರಯಾಣಿಕರೂ ನೌಕರರೂ ನಡೆಸುವ ದೈನಂದಿನ ಜೀವನದ ಕ್ರಮ. ಇಂತಹ ಹಡಗುಗಳನ್ನು ಕ್ರೂಸ್ ಹಡಗುಗಳೆಂದೂ ಕರೆಯುತ್ತಾರೆ. ಒಂದೇ ಹಡಗಿನಲ್ಲಿ ಎರಡು ದಿನಚರಿಗಳು ಏಕಕಾಲಕ್ಕೆ ನಡೆಯುತ್ತವೆ: ಮೇಲಿನ ಅಂತಸ್ತುಗಳಲ್ಲಿ ರಜೆ, ಕೆಳಗಿನ ಅಂತಸ್ತುಗಳಲ್ಲಿ ದುಡಿಮೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳನ್ನೊಳಗೊಂಡ ಕರ್ನಾಟಕದ ಕರಾವಳಿಗೆ ಈ ಹಡಗುಗಳ ಪರಿಚಯ ಹೆಚ್ಚಾಗಿ ಆಗಿರುವುದು ಅಲ್ಲಿ ಕೆಲಸಕ್ಕೆ ಹೋದವರ ಮೂಲಕ.

ಹಿನ್ನೆಲೆ

ಹಡಗಿನಲ್ಲಿ ಪ್ರಪಂಚವನ್ನು ಸುತ್ತುವ ವಿಹಾರಯಾನವು 1922ರಲ್ಲಿ ನ್ಯೂಯಾರ್ಕ್‌ನಿಂದ ಹೊರಟ ಕುನಾರ್ಡ್ ಕಂಪನಿಯ ಲ್ಯಾಕೋನಿಯಾ ಹಡಗಿನಿಂದ ಪ್ರಸಿದ್ಧಿಗೆ ಬಂತು. 1958ರ ನಂತರ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟುವ ಪ್ರಯಾಣಿಕರನ್ನು ಸೆಳೆದುಕೊಂಡಾಗ ಹಡಗು ಕಂಪನಿಗಳು ಕ್ರಮೇಣ ಸಾರಿಗೆಯಿಂದ ವಿಹಾರದ ಕಡೆಗೆ ತಿರುಗಿದವು. ಇಂದಿನ ಪ್ರಪಂಚ ಪರ್ಯಟನೆಗಳು ನೂರು ದಿನಗಳಿಗಿಂತಲೂ ಹೆಚ್ಚು ಕಾಲ ನಡೆಯುವುದುಂಟು.

ಬಸ್ರೂರು ಮತ್ತು ಬಾರ್ಕೂರು ಒಂದು ಕಾಲದಲ್ಲಿ ವಿದೇಶ ವ್ಯಾಪಾರದ ರೇವುಪಟ್ಟಣಗಳಾಗಿದ್ದವು. ಇಂದಿನ ಹಡಗಿನ ನೌಕರಿಗೆ ಅವುಗಳಿಗಿಂತ ಹತ್ತಿರದ ಮೂಲ ಹೋಟೆಲ್ ಉದ್ಯಮ. ಕುಂದಾಪುರ ಸೀಮೆಯ ಜನರು ಮುಂಬಯಿ ಮತ್ತು ಬೆಂಗಳೂರಿನ ಹೋಟೆಲುಗಳಿಗೆ ತಲೆಮಾರುಗಳಿಂದ ವಲಸೆ ಹೋಗಿದ್ದಾರೆ. ಮಣಿಪಾಲದಲ್ಲಿ 1986ರಿಂದ ಹೋಟೆಲ್ ನಿರ್ವಹಣೆಯ ಶಿಕ್ಷಣ ದೊರೆಯುತ್ತಿದೆ. ವಿಹಾರ ನೌಕೆಯ ನೌಕರರಲ್ಲಿ ಅಡುಗೆ, ಬಡಿಸುವಿಕೆ, ಕೊಠಡಿ ನಿರ್ವಹಣೆಯವರೇ ಅಧಿಕ ಸಂಖ್ಯೆಯಲ್ಲಿರುವುದರಿಂದ ಈ ಅನುಭವ ಅಲ್ಲಿಗೆ ನೇರವಾಗಿ ಒದಗುತ್ತದೆ.

ಪ್ರಯಾಣಿಕರ ದಿನ

ಮರುದಿನದ ಕಾರ್ಯಕ್ರಮ ಪಟ್ಟಿ ಹಿಂದಿನ ಸಂಜೆಯೇ ಕೊಠಡಿಗೆ ಬರುತ್ತದೆ. ಬಂದರಿನ ದಿನವಾದರೆ ಬೆಳಿಗ್ಗೆ ಇಳಿದು ಸಂಜೆಯೊಳಗೆ ಮರಳಬೇಕು. ಸಮುದ್ರದ ದಿನವಾದರೆ ಉಪನ್ಯಾಸ, ಈಜುಕೊಳ, ಇಸ್ಪೀಟು, ಸಂಗೀತ, ನಾಟಕಗಳಲ್ಲಿ ಕಾಲ ಕಳೆಯುತ್ತದೆ. ಎಲ್ಲಕ್ಕೂ ಊಟವೇ ಕೇಂದ್ರ. ಅನೇಕ ಹಡಗುಗಳಲ್ಲಿ ಮಧ್ಯಾಹ್ನ ಕಪ್ತಾನರು ಹಡಗಿನ ಸ್ಥಾನ, ವೇಗ, ಹವಾಮಾನಗಳನ್ನು ಧ್ವನಿವರ್ಧಕದಲ್ಲಿ ತಿಳಿಸುತ್ತಾರೆ.

ಕಡ್ಡಾಯವಾದುದು ಒಂದೇ, ಅದು ಸುರಕ್ಷತಾ ಕವಾಯತು. ಏಳು ಕಿರು ಸದ್ದು ಮತ್ತು ಒಂದು ದೀರ್ಘ ಸದ್ದು ಕೇಳಿದಾಗ ಎಲ್ಲರೂ ನಿಗದಿತ ಸ್ಥಳದಲ್ಲಿ ಸೇರಬೇಕು. 2012ರ ಜನವರಿ 13ರಂದು ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಮಂದಿ ಸತ್ತ ಬಳಿಕ, ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಈ ಕವಾಯತು ನಡೆಯಬೇಕೆಂದು ಅಂತಾರಾಷ್ಟ್ರೀಯ ನಿಯಮವನ್ನು ಬಿಗಿಗೊಳಿಸಲಾಯಿತು.

ನೌಕರರ ದಿನ

ಊಟದ ಸಾಲೆಯ ಪರಿಚಾರಕನ ದಿನ ಸಾಮಾನ್ಯವಾಗಿ ಮೂರು ತುಂಡುಗಳಾಗಿರುತ್ತದೆ. ಬೆಳಗಿನ ಉಪಾಹಾರಕ್ಕೆ ಸೂರ್ಯೋದಯದ ಹೊತ್ತಿಗೆ ಮೇಜು ಸಿದ್ಧವಾಗಬೇಕು, ನಂತರ ಮಧ್ಯಾಹ್ನದ ಊಟ, ಸಂಜೆಯಿಂದ ರಾತ್ರಿಯವರೆಗೆ ಭೋಜನ. ನಡುವಿನ ಬಿಡುವಿನಲ್ಲಿ ನಿದ್ದೆ, ಬಟ್ಟೆ ಒಗೆಯುವುದು, ಮನೆಗೆ ಕರೆ, ಕೆಲವೊಮ್ಮೆ ತರಬೇತಿ. ವಾರದ ರಜೆ ಎಂಬುದು ಸಾಮಾನ್ಯವಾಗಿ ಇಲ್ಲ. ದಿನಕ್ಕೆ ಹತ್ತು ಗಂಟೆಯ ದುಡಿಮೆ ಅಲ್ಲಿ ಅಸಾಮಾನ್ಯವಲ್ಲ. 2006ರ ಕಡಲ ಕಾರ್ಮಿಕ ಒಡಂಬಡಿಕೆಯ ವಿಶ್ರಾಂತಿಯ ಮಾನದಂಡದಂತೆ ಯಾವುದೇ 24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ಏಳು ದಿನಗಳಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ಸಿಗಬೇಕು. ಅದನ್ನು ಎರಡಕ್ಕಿಂತ ಹೆಚ್ಚು ಭಾಗ ಮಾಡುವಂತಿಲ್ಲ, ಅವುಗಳಲ್ಲಿ ಒಂದು ಕನಿಷ್ಠ ಆರು ಗಂಟೆಯದಾಗಿರಬೇಕು. ನಿಯಮ ಓದಲು ಉದಾರವಾಗಿ ಕಾಣುತ್ತದೆ. ಆದರೆ ಸ್ನಾನ, ಊಟ, ಬಟ್ಟೆ ಎಲ್ಲವೂ ಆ ಹತ್ತು ಗಂಟೆಯೊಳಗೇ ಮುಗಿಯಬೇಕು.

ಪರಿಚಾರಕನಿಗೂ ತುರ್ತು ಸಮಯದ ಹೊಣೆ ಗೊತ್ತಾಗಿರುತ್ತದೆ. ಬಡಿಸುವ ಕೈಯೇ ಬೆಂಕಿ ಬಿದ್ದಾಗ ಜನರನ್ನು ಜೀವರಕ್ಷಕ ದೋಣಿಯ ಬಳಿಗೆ ಕರೆದೊಯ್ಯಬೇಕು. ಹೀಗಾಗಿ ಈಜಿ ಬದುಕುಳಿಯುವುದು, ಅಗ್ನಿಶಮನ, ಪ್ರಥಮ ಚಿಕಿತ್ಸೆಗಳ ಮೂಲ ತರಬೇತಿ ಇಲ್ಲದೆ ಹಡಗಿಗೆ ಸೇರಲಾಗದು.

ನೌಕರರ ಕೊಠಡಿಗಳು ಕೆಳಗಿನ ಅಂತಸ್ತುಗಳಲ್ಲಿವೆ. ಕಿಟಕಿಯಿಲ್ಲದ ಕೋಣೆಯನ್ನು ಇಬ್ಬರು ಹಂಚಿಕೊಳ್ಳುವುದು ಸಾಮಾನ್ಯ. ಭಾರತೀಯರು ಹೆಚ್ಚಿರುವ ಹಡಗುಗಳ ನೌಕರರ ಊಟದ ಮನೆಯಲ್ಲಿ ಅನ್ನ, ಬೇಳೆ ಸಾರು ಸಿಗುತ್ತವೆ. ಕುಚ್ಚಲಕ್ಕಿ ಗಂಜಿ ಉಂಡು ಬೆಳೆದವನಿಗೆ ಅದು ಪೂರ್ಣ ಸಮಾಧಾನವಲ್ಲ.

ಗಡಿಯಾರದ ಹೊಂದಾಣಿಕೆ

ರೇಖಾಂಶದ ಪ್ರತಿ 15 ಡಿಗ್ರಿಗೆ ಒಂದು ಗಂಟೆಯ ವ್ಯತ್ಯಾಸ ಬರುವುದರಿಂದ ಹಡಗಿನ ಗಡಿಯಾರವನ್ನು ಸಾಮಾನ್ಯವಾಗಿ ರಾತ್ರಿಯಲ್ಲಿ ಬದಲಾಯಿಸುತ್ತಾರೆ. ಪಶ್ಚಿಮಕ್ಕೆ ಹೋಗುವಾಗ ದಿನಕ್ಕೆ 25 ಗಂಟೆ, ಪೂರ್ವಕ್ಕೆ ಹೋಗುವಾಗ 23 ಗಂಟೆ. ಪ್ರಯಾಣಿಕರಿಗೆ ಇದೊಂದು ಮೋಜು. ಬೆಳಿಗ್ಗೆ ಬೇಗ ಏಳಬೇಕಾದ ನೌಕರನಿಗೆ ಪೂರ್ವದಿಕ್ಕಿನ ಯಾನದಲ್ಲಿ ಅದು ನಿದ್ದೆಯಿಂದಲೇ ಕಡಿತವಾಗುವ ಗಂಟೆ. ಪೆಸಿಫಿಕ್‌ನಲ್ಲಿ ದಿನಾಂಕ ರೇಖೆ ದಾಟಿದಾಗ ಒಂದು ಇಡೀ ತಾರೀಖು ಕಳೆದುಹೋಗುತ್ತದೆ ಅಥವಾ ಎರಡು ಬಾರಿ ಬರುತ್ತದೆ. ಮನೆಯಲ್ಲಿ ಯಾವ ಹೊತ್ತು ಎಂಬ ಲೆಕ್ಕವನ್ನು ಮತ್ತೆ ಮತ್ತೆ ಹಾಕಬೇಕಾಗುತ್ತದೆ.

ನವಮಂಗಳೂರು ಬಂದರು

1974ರಲ್ಲಿ ದೇಶದ ಪ್ರಮುಖ ಬಂದರೆಂದು ಘೋಷಿತವಾದ ಪಣಂಬೂರಿನ ನವಮಂಗಳೂರು ಬಂದರಿಗೆ ಮಳೆಗಾಲ ಕಳೆದ ನಂತರದ ತಿಂಗಳುಗಳಲ್ಲಿ ವಿಹಾರ ನೌಕೆಗಳು ಬರುತ್ತವೆ. ಪ್ರಯಾಣಿಕರು ಬೆಳಿಗ್ಗೆ ಇಳಿದು ಕುದ್ರೋಳಿ ಗೋಕರ್ಣನಾಥ ದೇವಾಲಯ, ಸಂತ ಅಲೋಶಿಯಸ್ ಪ್ರಾರ್ಥನಾಲಯ, ಮೂಡುಬಿದಿರೆಯ ಸಾವಿರ ಕಂಬದ ಬಸದಿಗಳನ್ನು ನೋಡಿ ಸಂಜೆಗೆ ಹಡಗೇರುತ್ತಾರೆ. ಕುಂದಾಪುರ ಅಲ್ಲಿಂದ ಸುಮಾರು 85 ಕಿ.ಮೀ. ಉತ್ತರಕ್ಕಿದೆ. ಆ ಹಡಗಿನಲ್ಲಿ ಕುಂದಾಪುರದ ನೌಕರನಿದ್ದರೂ ಪಾಳಿ ಮತ್ತು ವಲಸೆ ವಿಭಾಗದ ಅನುಮತಿ ಎರಡೂ ಒದಗಿದರಷ್ಟೇ ಅವನು ನೆಲಕ್ಕೆ ಕಾಲಿಡಬಹುದು. ಹಡಗು ಬಂದರಿನಲ್ಲಿರುವಾಗಲೂ ಸುರಕ್ಷತೆಗಾಗಿ ಒಂದು ತಂಡ ಒಳಗೇ ಉಳಿಯಬೇಕೆಂಬ ಸರದಿಯೂ ಇದೆ.

ಮನೆ ಮತ್ತು ಒಪ್ಪಂದ

ಹೋಟೆಲ್ ವಿಭಾಗದ ಒಪ್ಪಂದಗಳು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳ ಅವಧಿಯವು. ನಡುವೆ ಕೆಲವು ವಾರ ಊರಿನಲ್ಲಿರುವಾಗ ಅನೇಕರಿಗೆ ಸಂಬಳ ಇರುವುದಿಲ್ಲ. ಗಂಗೊಳ್ಳಿಯ ಯಾಂತ್ರಿಕ ದೋಣಿಯ ಮೀನುಗಾರನಿಗೆ ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧದ 61 ದಿನಗಳು ಮೊದಲೇ ಗೊತ್ತು. ಆ ದಿನಗಳಿಗೆ ಮನೆಯವರು ಲೆಕ್ಕ ಹಾಕಿಕೊಳ್ಳಬಹುದು. ಹಡಗಿನವನ ರಜೆಗೆ ಅಂತಹ ಋತುವಿಲ್ಲ. ಕೋಟೇಶ್ವರದ ಕೊಡಿ ಹಬ್ಬಕ್ಕೋ ತಂಗಿಯ ಮದುವೆಗೋ ಅವನು ಇರುವುದು ಒಪ್ಪಂದದ ತಾರೀಖನ್ನು ಅವಲಂಬಿಸಿದೆ.

ನೇಮಕಾತಿ ಮತ್ತು ರಕ್ಷಣೆ

ಭಾರತದಲ್ಲಿ ನಾವಿಕರನ್ನು ನೇಮಿಸುವ ಸಂಸ್ಥೆಗಳಿಗೆ ಮುಂಬಯಿಯ ನೌಕಾಯಾನ ಮಹಾನಿರ್ದೇಶನಾಲಯದ ಪರವಾನಗಿ ಬೇಕು. ಕೆಲಸ ಕೊಡಿಸಲು ನಾವಿಕನಿಂದ ಶುಲ್ಕ ಪಡೆಯುವುದು ನಿಷಿದ್ಧ. ಲಕ್ಷಗಟ್ಟಲೆ ಹಣ ಕೇಳುವ ದಲ್ಲಾಳಿಯನ್ನು ಗುರುತಿಸಲು ಈ ಒಂದು ಅಂಶವೇ ಸಾಕು. ಭಾರತವು ಕಡಲ ಕಾರ್ಮಿಕ ಒಡಂಬಡಿಕೆಯನ್ನು 2015ರಲ್ಲಿ ಅನುಮೋದಿಸಿತು.

ಹಡಗಿನ ಎರಡು ದಿನಚರಿಗಳ ಅಂತರ 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಬಯಲಾಯಿತು. ಕೋವಿಡ್ ಸೋಂಕಿನ ಕಾರಣ ಡೈಮಂಡ್ ಪ್ರಿನ್ಸೆಸ್ ಹಡಗನ್ನು ಅಲ್ಲಿ ತಡೆದಾಗ ಅದರಲ್ಲಿ 3,711 ಮಂದಿ ಇದ್ದರು. ಭಾರತೀಯರು 138, ಅವರಲ್ಲಿ 132 ಮಂದಿ ನೌಕರರು. ಪ್ರಯಾಣಿಕರನ್ನು ಕೊಠಡಿಗಳಲ್ಲಿ ಪ್ರತ್ಯೇಕವಾಗಿರಿಸಲಾಯಿತು. ನೌಕರರು ಹಂಚಿಕೊಂಡ ಕೊಠಡಿಗಳಲ್ಲೇ ಮಲಗಿ, ಒಟ್ಟಿಗೆ ಉಂಡು, ಆ ಬಾಗಿಲುಗಳಿಗೆ ಊಟ ತಲುಪಿಸುತ್ತ ಕೆಲಸ ಮುಂದುವರಿಸಿದರು. ಮುಂದಿನ ತಿಂಗಳುಗಳಲ್ಲಿ ಬಂದರುಗಳೂ ವಿಮಾನ ಸಂಚಾರವೂ ಮುಚ್ಚಿದ್ದರಿಂದ ಒಪ್ಪಂದ ಮುಗಿದ ಅನೇಕ ನಾವಿಕರು ಪ್ರಯಾಣಿಕರಿಲ್ಲದ ಹಡಗುಗಳಲ್ಲಿಯೇ ಉಳಿಯಬೇಕಾಯಿತು. ಒಪ್ಪಂದ ಮುಗಿದ ನಾವಿಕನನ್ನು ಊರಿಗೆ ಕಳುಹಿಸುವ ಖರ್ಚು ಒಡಂಬಡಿಕೆಯ ಪ್ರಕಾರ ಹಡಗಿನ ಮಾಲೀಕರದು.