ಗೋಡೆಯ ಮೇಲಿನ ಧ್ಯೇಯ, ಲೆಕ್ಕದೊಳಗಿನ ಧ್ಯೇಯ

ಲಾಭವಿಲ್ಲದೆ ವ್ಯಾಪಾರ ನಡೆಯದು. ಆದರೆ ಲಾಭಕ್ಕೆ ಎಷ್ಟನೆಯ ಸ್ಥಾನ ಸಲ್ಲಬೇಕೆಂಬುದನ್ನು ವರ್ತಕರು ಸಾಮಾನ್ಯವಾಗಿ ಬಾಯಿಬಿಟ್ಟು ಹೇಳುವುದಿಲ್ಲ. ಬರೆದಿಡುವುದಂತೂ ದೂರದ ಮಾತು. ಇಂದಿನ ಕಂಪನಿಗಳು ತಮ್ಮ ಮೌಲ್ಯಗಳನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತವೆ. ಸತ್ಯ, ಸೇವೆ, ಗುಣಮಟ್ಟ ಎಂಬ ಪದಗಳು ಅಲ್ಲಿ ರಾರಾಜಿಸುತ್ತವೆ. ಆದರೆ ಗ್ರಾಹಕನ ಹಿತವೂ ಪಾಲುದಾರನ ಲಾಭವೂ ಎದುರುಬದುರಾದಾಗ ಯಾವುದಕ್ಕೆ ಮೊದಲ ಮಣೆ ಎಂಬುದು ಅಲ್ಲಿ ಬಹುಮಟ್ಟಿಗೆ ಕಾಣಸಿಗದು. ಈ ಕಠಿಣ ಪ್ರಶ್ನೆಗೆ ಉತ್ತರ ಬರೆದಿಟ್ಟ ಒಂದು ಸಂಸ್ಥೆಯ ಚರಿತ್ರೆ ವಿಚಾರಾರ್ಹವಾಗಿದೆ.

ಅಮೆರಿಕದ ನ್ಯೂಜೆರ್ಸಿ ರಾಜ್ಯದ ನ್ಯೂ ಬ್ರನ್ಸ್‌ವಿಕ್ ನಗರದಲ್ಲಿ 1886ರಲ್ಲಿ ಮೂವರು ಸೋದರರು ಜಾನ್ಸನ್ ಅಂಡ್ ಜಾನ್ಸನ್ ಸಂಸ್ಥೆಯನ್ನು ಆರಂಭಿಸಿದರು. ಗಾಯಕ್ಕೆ ಕಟ್ಟುವ ಶುದ್ಧೀಕರಿಸಿದ ಬಟ್ಟೆ, ಹತ್ತಿಗಳು ಅದರ ಮೊದಲ ಸರಕುಗಳಲ್ಲಿ ಸೇರಿದ್ದವು. ಸ್ಥಾಪಕರಲ್ಲೊಬ್ಬರ ಪುತ್ರರಾದ ರಾಬರ್ಟ್ ವುಡ್ ಜಾನ್ಸನ್ ಅವರು 1943ರಲ್ಲಿ ಒಂದೇ ಪುಟದ ಪ್ರತಿಜ್ಞಾಪತ್ರವನ್ನು ಬರೆದರು. ಅದರ ಹೆಸರು 'ಕ್ರೆಡೊ'. ಲ್ಯಾಟಿನ್ ಭಾಷೆಯಲ್ಲಿ 'ನಂಬುತ್ತೇನೆ' ಎಂದರ್ಥ. ಮರುವರ್ಷವೇ, ಎಂದರೆ 1944ರಲ್ಲಿ, ಸಂಸ್ಥೆಯ ಷೇರುಗಳು ಸಾರ್ವಜನಿಕರ ಕೈಸೇರುವುದಿದ್ದವು. ಹೊರಗಿನವರು ಪಾಲುದಾರರಾಗುವ ಮುನ್ನವೇ ಅವರ ಸ್ಥಾನವೆಲ್ಲಿ ಎಂಬುದನ್ನು ಆತ ಗೊತ್ತುಮಾಡಿದ್ದರು. ಮೊದಲ ಹೊಣೆ ವೈದ್ಯರು, ದಾದಿಯರು, ತಾಯಂದಿರು ಮೊದಲಾಗಿ ಸರಕನ್ನು ಬಳಸುವ ಎಲ್ಲರಿಗೂ, ಅನಂತರ ನೌಕರರಿಗೆ, ಆಡಳಿತಗಾರರಿಗೆ, ನೆಲೆಸಿರುವ ಊರಿಗೆ, ಕಟ್ಟಕಡೆಗೆ ಷೇರುದಾರರಿಗೆ. ಮೊದಲಿನವು ಸರಿಯಾಗಿ ನೆರವೇರಿದಲ್ಲಿ ಕೊನೆಯವರಿಗೂ ನ್ಯಾಯವಾದ ಪ್ರತಿಫಲ ದೊರೆಯುವುದೆಂಬುದು ಅದರ ಇಂಗಿತ.

ಬರೆದದ್ದು ಹಳತಾಗುತ್ತದೆ. ನಿತ್ಯ ಕಣ್ಣಿಗೆ ಬೀಳುವ ಬರಹವನ್ನು ಯಾರೂ ಓದುವುದಿಲ್ಲ. 1970ರ ದಶಕದಲ್ಲಿ ಆಡಳಿತದ ಚುಕ್ಕಾಣಿ ಹಿಡಿದ ಜೇಮ್ಸ್ ಬರ್ಕ್ ಇದನ್ನು ಮನಗಂಡರು. ಹಿರಿಯ ಅಧಿಕಾರಿಗಳನ್ನು ಕೂಡಿಸಿ, ಇದರಂತೆ ನಡೆಯಲಾಗದಿದ್ದರೆ ಗೋಡೆಯಿಂದ ಕಿತ್ತುಹಾಕೋಣ ಎಂದು ಸವಾಲೊಡ್ಡಿದರು. ಪತ್ರದ ಸಾಲುಸಾಲನ್ನೂ ಚರ್ಚೆಗೆ ಒಡ್ಡಿದ ಇಂತಹ ಸಭೆಗಳು ಬೇರೆ ಬೇರೆ ಶಾಖೆಗಳಲ್ಲಿ ನಡೆದವು. ಧ್ಯೇಯವನ್ನು ಕೆಳಗಿನವರಿಗೆ ತಲುಪಿಸುವ ದಾರಿಯಾಗಿ ಅವರು ಪ್ರಶ್ನಿಸುವ ಸ್ವಾತಂತ್ರ್ಯವನ್ನೇ ಆರಿಸಿಕೊಂಡರೆಂಬುದು ಗಮನಾರ್ಹ.

ಪರೀಕ್ಷೆ 1982ರ ಸೆಪ್ಟೆಂಬರ್ ಕೊನೆಯಲ್ಲಿ ಬಂದಿತು. ಷಿಕಾಗೋ ಪ್ರದೇಶದಲ್ಲಿ ಸಂಸ್ಥೆಯ ಟೈಲೆನಾಲ್ ಎಂಬ ನೋವುನಿವಾರಕ ಕ್ಯಾಪ್ಸೂಲನ್ನು ಸೇವಿಸಿದ ಏಳು ಮಂದಿ ಮೃತಪಟ್ಟರು. ಯಾರೋ ದುಷ್ಟರು ಅಂಗಡಿಗಳಲ್ಲಿದ್ದ ಕ್ಯಾಪ್ಸೂಲುಗಳಿಗೆ ಸಯನೈಡ್ ವಿಷ ತುಂಬಿದ್ದರು. ತಪ್ಪು ಕಾರ್ಖಾನೆಯದಾಗಿರಲಿಲ್ಲ, ಸಾವುಗಳೂ ಒಂದೇ ಪ್ರದೇಶಕ್ಕೆ ಸೀಮಿತವಾಗಿದ್ದವು. ಆದರೂ ಸಂಸ್ಥೆ ದೇಶದಾದ್ಯಂತ ಸುಮಾರು 3 ಕೋಟಿ 10 ಲಕ್ಷ ಸೀಸೆಗಳನ್ನು ಹಿಂದಕ್ಕೆ ಪಡೆಯಿತು. ಅವುಗಳ ಬೆಲೆ 10 ಕೋಟಿ ಡಾಲರಿಗೂ ಮಿಗಿಲು. ಜನರಿಗೆ ಎಚ್ಚರಿಕೆ ನೀಡಿತು; ಅವರ ಬಳಿಯಿದ್ದ ಕ್ಯಾಪ್ಸೂಲುಗಳಿಗೆ ಪ್ರತಿಯಾಗಿ ಮಾತ್ರೆಗಳನ್ನು ಕೊಟ್ಟಿತು; ಅದೇ ವರ್ಷದ ನವೆಂಬರಿನಲ್ಲಿ ಮೂರು ಪದರದ ಮುದ್ರೆಯುಳ್ಳ ಸೀಸೆಯನ್ನು ಪರಿಚಯಿಸಿತು. ನೆಲಕಚ್ಚಿದ್ದ ಮಾರಾಟ ಒಂದು ವರ್ಷದೊಳಗೆ ಬಹುಪಾಲು ಚೇತರಿಸಿಕೊಂಡಿತು. ಆ ಗಳಿಗೆಯಲ್ಲಿ ಯಾರು ಮೊದಲು, ಯಾರು ಕೊನೆ ಎಂಬ ಪ್ರಶ್ನೆಗೆ ಉತ್ತರವನ್ನು ಹೊಸದಾಗಿ ಹುಡುಕಬೇಕಾಗಿರಲಿಲ್ಲ. ನಿರ್ಣಯದ ಅರ್ಧಭಾಗ 1943ರಲ್ಲಿಯೇ ಆಗಿಹೋಗಿತ್ತು.

ಕಥೆಯನ್ನು ಇಲ್ಲಿಗೆ ಮುಗಿಸಿದರೆ ಅದು ಅರ್ಧಸತ್ಯವಾದೀತು. ನಮ್ಮ ಮನೆಗಳಲ್ಲಿಯೂ ಪರಿಚಿತವಾದ ಅದೇ ಸಂಸ್ಥೆಯ ಬೇಬಿ ಪೌಡರಿನ ಟಾಲ್ಕ್‌ನಲ್ಲಿ ಆಸ್ಬೆಸ್ಟಾಸ್ ಅಂಶವಿತ್ತೆಂದೂ ಅದರಿಂದ ಕ್ಯಾನ್ಸರ್ ಬಂದಿತೆಂದೂ ಸಹಸ್ರಾರು ಜನ ಅಮೆರಿಕದ ನ್ಯಾಯಾಲಯಗಳ ಮೆಟ್ಟಿಲೇರಿದರು. 1971ರಿಂದ 2000ದ ದಶಕದ ಆರಂಭದವರೆಗೆ ಕೆಲವು ಪರೀಕ್ಷೆಗಳಲ್ಲಿ ಅಲ್ಪ ಪ್ರಮಾಣದ ಆಸ್ಬೆಸ್ಟಾಸ್ ಕಂಡುಬಂದಿದ್ದುದು ಸಂಸ್ಥೆಗೆ ತಿಳಿದಿತ್ತೆಂದು ರಾಯಿಟರ್ಸ್ ಸುದ್ದಿಸಂಸ್ಥೆ 2018ರಲ್ಲಿ ದಾಖಲೆಗಳ ಆಧಾರದಿಂದ ವರದಿ ಮಾಡಿತು. ಸಂಸ್ಥೆ ಇದನ್ನು ನಿರಾಕರಿಸಿ, ಪೌಡರು ಸುರಕ್ಷಿತವೆಂದೇ ಸಾಧಿಸಿತು. ಆದರೆ ಟಾಲ್ಕ್ ಪೌಡರಿನ ಮಾರಾಟವನ್ನು 2020ರಲ್ಲಿ ಅಮೆರಿಕ, ಕೆನಡಾಗಳಲ್ಲಿಯೂ 2023ರಲ್ಲಿ ಜಗತ್ತಿನಾದ್ಯಂತವೂ ನಿಲ್ಲಿಸುವುದಾಗಿ ಪ್ರಕಟಿಸಿತು. ಅಂಗಸಂಸ್ಥೆಯ ದಿವಾಳಿತನದ ಮೂಲಕ ಈ ದಾವೆಗಳನ್ನು ಇತ್ಯರ್ಥಪಡಿಸುವ ಅದರ ಮೂರನೆಯ ಯತ್ನವನ್ನೂ 2025ರ ಮಾರ್ಚ್‌ನಲ್ಲಿ ನ್ಯಾಯಾಲಯ ತಳ್ಳಿಹಾಕಿತು.

ಪ್ರತಿಜ್ಞಾಪತ್ರ ಅದೇ, ಸಂಸ್ಥೆಯೂ ಅದೇ. 1982ರ ಆಪತ್ತು ಒಂದೇ ದಿನದಲ್ಲಿ ಎಲ್ಲರ ಕಣ್ಣೆದುರು ಸ್ಫೋಟಿಸಿತು. ಅಲ್ಲಿ ಧ್ಯೇಯ ತಾನಾಗಿ ನೆನಪಿಗೆ ಬಂದಿತು. ಟಾಲ್ಕಿನ ಪ್ರಶ್ನೆಯಾದರೋ ಪ್ರಯೋಗಶಾಲೆಯ ವರದಿಗಳಲ್ಲಿ, ಕಡತಗಳಲ್ಲಿ ವರ್ಷಾನುಗಟ್ಟಲೆ ತೆವಳಿತು. ಸದ್ದಿಲ್ಲದೆ ಬರುವ ಪರೀಕ್ಷೆಯೇ ಹೆಚ್ಚು ಕಠಿಣ. ಗುಡುಗಿಗೆ ಎಚ್ಚರವಾಗುವವನು ಗೆದ್ದಲಿನ ಸದ್ದಿಗೆ ಎಚ್ಚರವಾಗಲಾರ.

ನಮ್ಮ ಅಂಗಡಿ, ಕಾರ್ಖಾನೆ, ಟ್ರಸ್ಟುಗಳು ಇದರಿಂದ ಗ್ರಹಿಸಬಹುದಾದುದು ಇಷ್ಟು. ಮೌಲ್ಯಗಳ ಪಟ್ಟಿ ಸಾಲದು, ಅವುಗಳ ಅನುಕ್ರಮವೂ ಬರೆದಿರಬೇಕು. ಅದನ್ನು ಕಿರಿಯ ಗುಮಾಸ್ತನೂ ಪ್ರಶ್ನಿಸುವಂತಿರಬೇಕು. ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕ ತೆರೆಯುವ ಮುನ್ನ ಆ ಪುಟವನ್ನು ಎಲ್ಲರೆದುರು ಓದಿ, ಕಳೆದ ವರ್ಷ ಇದರ ದೆಸೆಯಿಂದ ನಾವು ಯಾವ ಲಾಭವನ್ನು ಬಿಟ್ಟುಕೊಟ್ಟೆವು ಎಂದು ಕೇಳಿಕೊಳ್ಳಬೇಕು. ವರ್ಷವರ್ಷವೂ ಯಾವುದನ್ನೂ ಬಿಡಲಿಲ್ಲವೆಂಬುದೇ ಉತ್ತರವಾದರೆ, ಆ ಪುಟ ಇನ್ನೂ ಗೋಡೆಯ ಮೇಲಿದೆ, ಲೆಕ್ಕದೊಳಗೆ ಇಳಿದಿಲ್ಲವೆಂದೇ ತಿಳಿಯತಕ್ಕದ್ದು.